ಮಾರುಕಟ್ಟೆಯ ಮಾತು ಮತ್ತು ಸತ್ಯಾಣುವ್ರತ: ಹೂಡಿಕೆ ಸಲಹೆಗಾರರ ಮಾಸಿಕ ಪತ್ರಗಳ ಒಂದು ವಿಮರ್ಶೆ

ಕಾವ್ಯವೊಂದು ಪ್ರಕಟವಾದರೆ ಅದಕ್ಕೆ ವಿಮರ್ಶೆ ಬರುತ್ತದೆ. ನಾಟಕವೊಂದು ರಂಗವೇರಿದರೆ ಅದರ ಗುಣದೋಷಗಳ ಚರ್ಚೆ ನಡೆಯುತ್ತದೆ. ಆದರೆ ಒಂದು ಕುಟುಂಬದ ಮೂವತ್ತು ವರ್ಷಗಳ ಉಳಿತಾಯವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸರಿಸಬಲ್ಲ ಎರಡು ಪುಟದ ಬರಹವೊಂದು ತಿಂಗಳು ತಿಂಗಳೂ ಮನೆಗೆ ಬರುತ್ತಿದ್ದರೂ ಅದನ್ನು ಬರಹವೆಂದು ಎಣಿಸಿ ಪರಿಶೀಲಿಸುವವರು ವಿರಳ. ಹೂಡಿಕೆ ಸಲಹೆಗಾರರು ತಮ್ಮ ಗ್ರಾಹಕರಿಗೆ ಕಳುಹಿಸುವ ಮಾರುಕಟ್ಟೆ ಸಮೀಕ್ಷೆಯೇ ಆ ಬರಹ. ಹೊಸ ತಿಪ್ಪಸಂದ್ರದಂತಹ ಬಡಾವಣೆಯಲ್ಲಿ ಇದರ ಮಹತ್ತ್ವ ಇನ್ನೂ ಅಧಿಕ. ಇಲ್ಲಿ ಎಚ್‌ಎಎಲ್, ಬಿಇಎಂಎಲ್ ಮೊದಲಾದ ಸಂಸ್ಥೆಗಳಿಂದ ನಿವೃತ್ತರಾಗಿ ಗ್ರಾಚ್ಯುಯಿಟಿ, ಭವಿಷ್ಯನಿಧಿಗಳ ಹಣವನ್ನು ಒಮ್ಮೆಗೇ ಕೈಗೆ ಪಡೆದವರಿದ್ದಾರೆ. ಮುಖ್ಯರಸ್ತೆಯ ಅಂಗಡಿಗಳಲ್ಲಿ ಲಾಭವನ್ನು ಎಲ್ಲಿ ಇಡುವುದೆಂದು ಯೋಚಿಸುವ ನಮ್ಮ ಸಮಾಜದ ವರ್ತಕರಿದ್ದಾರೆ. ಇಂಥ ಪತ್ರಗಳನ್ನು ಓದುವವರು ಇವರಾದರೆ, ಬರೆಯುವವರಲ್ಲಿ ನಮ್ಮವರೇ ಆದ ಲೆಕ್ಕಪರಿಶೋಧಕರೂ ವಾಣಿಜ್ಯ ಪದವೀಧರರೂ ಹಲವರಿದ್ದಾರೆ. ಆದುದರಿಂದ ಈ ಬರಹದ ವಿಮರ್ಶೆ ಶ್ರಾವಕಧರ್ಮದ ಪತ್ರಿಕೆಯಲ್ಲಿ ಅಪ್ರಸ್ತುತವಾಗಲಾರದು.

ಈ ಪತ್ರಗಳಿಗೆ ಒಂದು ಸಿದ್ಧ ಸ್ವರೂಪವಿದೆ. ಮೊದಲು ಕಳೆದ ತಿಂಗಳು ಸೂಚ್ಯಂಕ ಎಷ್ಟು ಏರಿತು ಅಥವಾ ಇಳಿಯಿತು ಎಂಬ ವರದಿ. ಬಳಿಕ ಹಾಗಾದುದಕ್ಕೆ ಕಾರಣಗಳು. ಅನಂತರ ಮುಂದೇನು ಎಂಬ ನಿರೀಕ್ಷೆ. ಕಟ್ಟಕಡೆಗೆ, ಹೂಡಿಕೆಯು ಅಪಾಯಕ್ಕೆ ಒಳಪಟ್ಟದ್ದೆಂಬ ಎಚ್ಚರಿಕೆ, ಬಹುತೇಕ ಕಿರಿದಾದ ಅಕ್ಷರಗಳಲ್ಲಿ. ಪತ್ರ ಕನ್ನಡದಲ್ಲಿದ್ದರೂ ಈ ಕೊನೆಯ ಸಾಲುಗಳು ಇಂಗ್ಲಿಷಿನಲ್ಲೇ ಉಳಿದಿರುವುದುಂಟು. ಆಸೆ ಮೂಡಿಸುವ ಮಾತನ್ನು ಓದುಗನ ಭಾಷೆಯಲ್ಲಿ ಹೇಳಿ, ಎಚ್ಚರಿಸುವ ಮಾತನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ಹೇಳುವುದು ಯಾವ ಬಗೆಯ ಎಚ್ಚರಿಕೆ? ಪತ್ರದ ಮೇಲ್ಭಾಗದಲ್ಲಿ ಏನನ್ನು ಬರೆದರೂ ಕೆಳಭಾಗದ ಎಚ್ಚರಿಕೆ ಅದನ್ನು ಶುದ್ಧೀಕರಿಸುತ್ತದೆ ಎಂಬ ನಂಬಿಕೆ ಈ ವೃತ್ತಿಯಲ್ಲಿ ಬೇರೂರಿದೆ. ಈ ಲೇಖನದ ವಾದವೆಲ್ಲ ಆ ನಂಬಿಕೆಯ ವಿರುದ್ಧವಾಗಿದೆ.

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. 1992ರ ಕಾಯ್ದೆಯಿಂದ ಶಾಸನಬದ್ಧ ಅಧಿಕಾರ ಪಡೆದ ಸೆಬಿ, ಹೂಡಿಕೆ ಸಲಹೆಗಾರರಿಗಾಗಿ 2013ರಲ್ಲಿಯೂ ಸಂಶೋಧನಾ ವಿಶ್ಲೇಷಕರಿಗಾಗಿ 2014ರಲ್ಲಿಯೂ ಪ್ರತ್ಯೇಕ ನಿಯಮಾವಳಿಗಳನ್ನು ಹೊರಡಿಸಿತು. ಸಲಹೆ ನೀಡುವವನು ನೋಂದಾಯಿತನಾಗಿರಬೇಕು. ಗ್ರಾಹಕನು ಎಷ್ಟು ನಷ್ಟ ತಾಳಬಲ್ಲನೆಂದು ಮೊದಲು ಅಳೆಯಬೇಕು. ಅವನಿಗೆ ಹೊಂದುವಂಥ ಸಲಹೆಯನ್ನೇ ಕೊಡಬೇಕು. ತನ್ನ ಹಿತಾಸಕ್ತಿಗಳನ್ನು ಮುಚ್ಚಿಡಬಾರದು. 2020ರ ತಿದ್ದುಪಡಿ, ಒಬ್ಬನೇ ಗ್ರಾಹಕನಿಂದ ಸಲಹೆಗೆ ಶುಲ್ಕವನ್ನೂ ಮಾರಾಟಕ್ಕೆ ಕಮಿಷನ್ನನ್ನೂ ಪಡೆಯುವ ದಾರಿಯನ್ನು ಮುಚ್ಚಿತು. 2023ರ ಏಪ್ರಿಲ್‌ನಲ್ಲಿ ಹೊರಟ ಜಾಹೀರಾತು ಸಂಹಿತೆ, ಖಚಿತ ಲಾಭದ ಭರವಸೆಯನ್ನೂ ತಾನೇ ಅತ್ಯುತ್ತಮ, ತಾನೇ ಮೊದಲಿಗ ಎಂಬಂಥ ಆತ್ಮಪ್ರಶಂಸೆಯನ್ನೂ ನಿಷೇಧಿಸಿತು.

ಆದರೆ ವಿಮರ್ಶಕನ ಗಮನ ಸೆಳೆಯಬೇಕಾದದ್ದು 2014ರ ನಿಯಮಾವಳಿಯ ಒಂದು ವಿನಾಯಿತಿ. ಸಂಶೋಧನಾ ವರದಿ ಯಾವುದೆಂದು ನಿರೂಪಿಸುವಲ್ಲಿ ಅದು, ಮಾರುಕಟ್ಟೆಯ ಸಾಮಾನ್ಯ ಪ್ರವೃತ್ತಿಗಳ ಕುರಿತ ಅಭಿಪ್ರಾಯ, ವಿಶಾಲ ಸೂಚ್ಯಂಕಗಳ ಚರ್ಚೆ ಹಾಗೂ ಆರ್ಥಿಕ, ರಾಜಕೀಯ ಸ್ಥಿತಿಗತಿಗಳ ವ್ಯಾಖ್ಯಾನ ಇವುಗಳನ್ನು ವರದಿಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇದು ಯುಕ್ತವೇ. ಊರಿನ ಮಳೆ ಬೆಳೆಗಳ ಬಗ್ಗೆ ಮಾತನಾಡಿದವನನ್ನೆಲ್ಲ ಬೀಜದ ವ್ಯಾಪಾರಿಯೆಂದು ಪರಿಗಣಿಸಲಾಗದು. ಆದರೆ ಕೆಲವರು ಈ ವಿನಾಯಿತಿಯನ್ನು ಬಾಗಿಲಾಗಿ ಬಳಸುತ್ತಾರೆ. ಷೇರಿನ ಹೆಸರು ಹೇಳಿ, ಇಷ್ಟು ಬೆಲೆಗೆ ಕೊಳ್ಳಿರೆಂದರೆ ನಿಯಮಗಳು ಬಿಗಿಯಾಗುತ್ತವೆ. ಆ ಷೇರಿನಲ್ಲಿ ವಿಶ್ಲೇಷಕನು ವರದಿಗೆ ಮೊದಲಿನ 30 ದಿನ, ಅನಂತರದ 5 ದಿನ ವಹಿವಾಟು ನಡೆಸಬಾರದೆಂಬ ನಿರ್ಬಂಧವೂ ಬರುತ್ತದೆ. ಹೆಸರನ್ನು ಬಿಟ್ಟು ಸೂಚನೆಯನ್ನಷ್ಟೇ ಕೊಟ್ಟರೆ ಅದು 'ಸಾಮಾನ್ಯ ವ್ಯಾಖ್ಯಾನ'ವಾಗುತ್ತದೆಂಬುದು ಇವರ ಯುಕ್ತಿ.

ನಮ್ಮ ಬಡಾವಣೆಗೆ ಹೊಂದುವ ಉದಾಹರಣೆಯನ್ನೇ ಕಲ್ಪಿಸಿಕೊಳ್ಳೋಣ. ಒಂದು ಪತ್ರದಲ್ಲಿ 'ಬೆಂಗಳೂರಿನ, ವಿಮಾನ ತಯಾರಿಸುವ ಸಾರ್ವಜನಿಕ ರಂಗದ ಸಂಸ್ಥೆಯೊಂದಕ್ಕೆ ಉಜ್ವಲ ಭವಿಷ್ಯವಿದೆ' ಎಂದು ಬರೆದಿದೆಯೆನ್ನಿ. ಹೊಸ ತಿಪ್ಪಸಂದ್ರದ ಯಾವ ಓದುಗನಿಗೆ ಅದು ಎಚ್‌ಎಎಲ್ ಎಂದು ತಿಳಿಯದು? ಅಲ್ಲಿಯೇ ಜೀವಮಾನವಿಡೀ ದುಡಿದವನಿಗೆ ಆ ವಾಕ್ಯ ಬರಿಯ ಮಾಹಿತಿಯಾಗಿ ಉಳಿಯದು. ಅವನ ಅಭಿಮಾನವನ್ನು ಕೆರಳಿಸುವ ಪ್ರೇರಣೆಯಾಗುತ್ತದೆ. ಅದೇ ಪತ್ರ 2018ರ ಮಾರ್ಚ್‌ನಲ್ಲಿ ಆ ಷೇರು 1,215 ರೂಪಾಯಿಗೆ ಸಾರ್ವಜನಿಕರಿಗೆ ದೊರೆಯಿತೆಂದು ಹೇಳಿ, 2023ರಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 5 ರೂಪಾಯಿಯ ಎರಡಾಗಿ ವಿಭಜಿಸಿದ್ದನ್ನು ಹೇಳದೆ ಬಿಟ್ಟರೆ, ಓದುಗನಿಗೆ ಹಳೆಯ ಬೆಲೆಯನ್ನು ಇಂದಿನ ಬೆಲೆಯೊಡನೆ ಹೋಲಿಸುವುದೇ ಅಸಾಧ್ಯ. ವಿಭಜನೆಯ ಲೆಕ್ಕದಲ್ಲಿ ಆ 1,215 ರೂಪಾಯಿ ಇಂದಿನ ಷೇರಿಗೆ 607 ರೂಪಾಯಿ 50 ಪೈಸೆಗೆ ಸಮ. ಹೆಸರಿಲ್ಲದ ಹೆಸರು, ಪೂರ್ತಿಯಿಲ್ಲದ ಅಂಕಿ: ಇವೆರಡೂ ಕಾನೂನಿನ ಅಕ್ಷರವನ್ನು ಮುರಿಯದೆಯೇ ಓದುಗನನ್ನು ದಾರಿತಪ್ಪಿಸಬಲ್ಲವು.

ಕಾನೂನು ನಿಲ್ಲುವ ಈ ಸ್ಥಳದಲ್ಲಿಯೇ ವ್ರತ ಆರಂಭವಾಗುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಈ ಐದನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರು. ಆದರೆ ಇವುಗಳಲ್ಲಿ ಸುಳ್ಳು ಹೇಳುವುದು ಎಂಬ ನೇರ ದೋಷ ಒಂದೂ ಇಲ್ಲವೆಂಬುದನ್ನು ಗಮನಿಸಿದವರು ಕಡಮೆ. ನೇರವಾದ ಸುಳ್ಳು ವ್ರತವನ್ನೇ ಭಂಗಗೊಳಿಸುತ್ತದೆ. ಅತಿಚಾರವಾದರೋ ವ್ರತ ಉಳಿದಿದೆಯೆಂಬ ಭ್ರಮೆಯಲ್ಲಿರುವವನಿಗೆ ತಗಲುವ ಕಲಂಕ. ಐದರಲ್ಲಿ ಸಲಹೆ, ಲೇಖನ, ಇಟ್ಟ ಹಣ, ಗುಪ್ತವಿಷಯ ಎಲ್ಲವೂ ಬಂದಿವೆ. ವರ್ತಕ ಸಮಾಜದ ನಿತ್ಯವ್ಯವಹಾರವನ್ನು ಬಲ್ಲ ಆಚಾರ್ಯರು ಮಾಡಿದ ಪಟ್ಟಿ ಇದು.

ಮಿಥ್ಯೋಪದೇಶವೆಂದರೆ ಧರ್ಮದ ವಿಷಯದಲ್ಲಿ ತಪ್ಪು ಬೋಧಿಸುವುದು ಮಾತ್ರವೆಂದು ಕೆಲವರು ತಿಳಿದಿದ್ದಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಮೋಕ್ಷದ ಜೊತೆಗೆ ಅಭ್ಯುದಯವನ್ನೂ, ಅಂದರೆ ಲೌಕಿಕ ಏಳಿಗೆಯನ್ನೂ ಸೇರಿಸಿ, ಇವುಗಳಿಗಾಗಿ ಮಾಡುವ ಕ್ರಿಯೆಗಳಲ್ಲಿ ಇನ್ನೊಬ್ಬನನ್ನು ಅನ್ಯಥಾ ಪ್ರವರ್ತಿಸುವುದು ಅಥವಾ ವಂಚಿಸುವುದು ಮಿಥ್ಯೋಪದೇಶವೆಂದು ವಿವರಿಸಿದ್ದಾರೆ. ಹೂಡಿಕೆಯ ಸಲಹೆ ಇದಕ್ಕಿಂತ ಸ್ಪಷ್ಟವಾಗಿ ಯಾವ ವ್ಯಾಖ್ಯೆಯೊಳಗೆ ಬರಬೇಕು? ಇಲ್ಲಿ ಮುಖ್ಯವಾದದ್ದು ವಾಕ್ಯದ ರೂಪವಲ್ಲ, ಅದು ಓದುಗನನ್ನು ಯಾವ ಕಡೆಗೆ ಪ್ರವರ್ತಿಸಿತು ಎಂಬುದು. ಹೆಸರು ಹೇಳಲಿಲ್ಲ, ಸೂಚಿಸಿದೆನಷ್ಟೆ ಎಂಬ ಸಮರ್ಥನೆ ಈ ವ್ಯಾಖ್ಯೆಯ ಮುಂದೆ ನಿಲ್ಲದು.

ಕೂಟಲೇಖಕ್ರಿಯೆಯ ಅರ್ಥವಾದರೂ ಹೀಗೆಯೇ: ಯಾರೂ ಹೇಳದುದನ್ನು ಹೇಳಿದರೆಂದು, ಮಾಡದುದನ್ನು ಮಾಡಿದರೆಂದು ವಂಚನೆಗಾಗಿ ಬರೆಯುವುದು. 2023ರ ಮಾರ್ಚ್‌ನಲ್ಲಿ ಸೆಬಿಯು ಸಾಧನಾ ಬ್ರಾಡ್‌ಕಾಸ್ಟ್ ಎಂಬ ಕಂಪನಿಯ ಷೇರಿನ ಪ್ರಕರಣದಲ್ಲಿ ಹೊರಡಿಸಿದ ಮಧ್ಯಂತರ ಆದೇಶ ಇದಕ್ಕೆ ಆಧುನಿಕ ನಿದರ್ಶನ. ದೊಡ್ಡ ಉದ್ಯಮ ಸಮೂಹವೊಂದು ಆ ಕಂಪನಿಯನ್ನು ಕೊಳ್ಳಲಿದೆ ಎಂಬಂಥ ಸುದ್ದಿಗಳನ್ನು ಯೂಟ್ಯೂಬ್ ವಾಹಿನಿಗಳಲ್ಲಿ ಹರಡಿ, ಸಣ್ಣ ಹೂಡಿಕೆದಾರರು ಮುಗಿಬಿದ್ದು ಕೊಳ್ಳುವಾಗ ಒಳಗಿನವರು ಏರಿದ ಬೆಲೆಗೆ ಮಾರಿಕೊಂಡರೆಂಬುದು ಆ ಆದೇಶದ ಸಾರ. ಇದು ತೀವ್ರವಾದ ರೂಪ. ಸೌಮ್ಯವಾದ ರೂಪವನ್ನು ಸಭ್ಯ ಪತ್ರಗಳಲ್ಲಿಯೂ ಕಾಣಬಹುದು: 'ತಜ್ಞರ ಅಭಿಪ್ರಾಯದಂತೆ', 'ಮಾರುಕಟ್ಟೆ ವಲಯಗಳ ಪ್ರಕಾರ' ಎಂಬ ಮಾತುಗಳು. ಆ ತಜ್ಞ ಯಾರು? ಯಾವಾಗ, ಯಾವ ಆಧಾರದ ಮೇಲೆ ಹೇಳಿದ? ಉತ್ತರವಿಲ್ಲದಿದ್ದರೆ ಆ ವಾಕ್ಯ ಕೂಟಲೇಖದ ನೆರೆಮನೆಯಲ್ಲೇ ವಾಸಿಸುತ್ತದೆ. ಇನ್ನು ಸಾಕಾರಮಂತ್ರಭೇದ, ಅಂದರೆ ಹಾವಭಾವಗಳಿಂದ ಪರರ ಗುಪ್ತ ಆಲೋಚನೆಯನ್ನು ತಿಳಿದು ಹೊರಗೆಡಹುವುದು. ಕಂಪನಿಯ ಒಳಗಿನ ಸುಳಿವನ್ನು ಪಿಸುಗುಟ್ಟುವ ಚಟಕ್ಕೆ ನಮ್ಮ ಶಾಸ್ತ್ರ ಇಟ್ಟ ಹೆಸರೆಂದು ಇದನ್ನು ತಿಳಿಯಬಹುದು.

ಅಸ್ತೇಯಾಣುವ್ರತದ ಅತಿಚಾರಗಳಲ್ಲಿ ಒಂದಾದ ಹೀನಾಧಿಕಮಾನೋನ್ಮಾನವನ್ನು, ಅಂದರೆ ಕೊಡುವಾಗ ಒಂದು ಅಳತೆ ಕೊಳ್ಳುವಾಗ ಇನ್ನೊಂದು ಅಳತೆ ಬಳಸುವುದನ್ನು, ಇಲ್ಲಿ ಸ್ಮರಿಸಬೇಕು. ತಕ್ಕಡಿಯಲ್ಲಿ ಮೋಸ ಮಾಡದ ವರ್ತಕನ ಮಗನೇ ಅಂಕಿಯಲ್ಲಿ ಮೋಸ ಮಾಡಬಲ್ಲನು. 2024ರ ಜೂನ್ 4ರಂದು ಸೆನ್ಸೆಕ್ಸ್ 4,390 ಅಂಶಗಳಷ್ಟು ಕುಸಿಯಿತು. 1992ರ ಏಪ್ರಿಲ್ 28ರಂದು, ಹರ್ಷದ್ ಮೆಹ್ತಾ ಹಗರಣ ಬಯಲಾದ ದಿನಗಳಲ್ಲಿ, ಅದು ಕುಸಿದದ್ದು 570 ಅಂಶ. ಅಂಶಗಳನ್ನೇ ಬರೆದರೆ ಹಳೆಯ ಕುಸಿತ ಏನೂ ಅಲ್ಲವೆಂದು ತೋರುತ್ತದೆ. ಶೇಕಡಾವಾರು ಲೆಕ್ಕದಲ್ಲಿ 2024ರದು ಶೇ. 5.74, 1992ರದು ಶೇ. 12.77, ಹಳೆಯದೇ ಹೊಸದರ ಇಮ್ಮಡಿಗಿಂತ ಹೆಚ್ಚು. ಭಯ ಹುಟ್ಟಿಸಬೇಕಾದಾಗ ಅಂಶ, ಸಮಾಧಾನ ಹೇಳಬೇಕಾದಾಗ ಶೇಕಡಾ ಎಂದು ಅಳತೆ ಬದಲಿಸುವ ಪತ್ರಗಳು ಎರಡು ಸೇರುಗಳನ್ನಿಟ್ಟುಕೊಂಡ ಅಂಗಡಿಯಂತೆ.

ಆರಂಭದ ದಿನವನ್ನು ಆರಿಸಿಕೊಳ್ಳುವುದೂ ಇಂಥದೇ ಅಳತೆಯ ಚಾತುರ್ಯ. ಕೋವಿಡ್ ಭೀತಿಯಿಂದ 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 25,981ಕ್ಕೆ ಇಳಿದಿತ್ತು. 2024ರ ಜೂನ್ 3ರಂದು 76,469ಕ್ಕೆ ಏರಿತ್ತು. ಅಲ್ಲಿಂದ ಇಲ್ಲಿಗೆ ಎಣಿಸಿದರೆ ಏರಿಕೆ ಶೇ. 194. ಆದರೆ ಅದೇ 2020ರ ಜನವರಿ 14ರಂದು ಸೂಚ್ಯಂಕ 41,953ರಲ್ಲಿತ್ತು. ಆ ದಿನದಿಂದ ಎಣಿಸಿದರೆ ಏರಿಕೆ ಶೇ. 82. ಎರಡು ಆರಂಭಗಳ ನಡುವೆ ಹತ್ತು ವಾರಗಳ ಅಂತರವೂ ಇಲ್ಲ. ಎರಡೂ ಅಂಕಿಗಳು ಸತ್ಯ. ಆದರೆ ಮೊದಲನೆಯದನ್ನು ಮಾತ್ರ ಹೇಳುವ ಪತ್ರ ಸತ್ಯವನ್ನು ಹೇಳಿತೆನ್ನಲಾಗದು. ಏಕನಯದ ಸತ್ಯವನ್ನು ಪೂರ್ಣಸತ್ಯವೆಂದು ಮಂಡಿಸುವುದನ್ನು ನಮ್ಮ ದಾರ್ಶನಿಕರು ನಯಾಭಾಸವೆಂದು ಕರೆದರು. ಅಂಕಿ ಸರಿಯಿರುವುದರಿಂದ ಲೆಕ್ಕಪರಿಶೋಧಕನೂ ಅದನ್ನು ಹಿಡಿಯಲಾರ. ಓದುಗನ ವಿವೇಕವೇ ಹಿಡಿಯಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 'ಏರಬಹುದು', 'ಸಾಧ್ಯತೆಯಿದೆ', 'ಇಳಿದರೂ ಅಚ್ಚರಿಯಿಲ್ಲ' ಎಂಬ ಮಾತುಗಳಿಂದ ತುಂಬಿದ ಪತ್ರವನ್ನು ಹಿಡಿದು, ಇದೇ ನಮ್ಮ ಸ್ಯಾದ್ವಾದವಲ್ಲವೇ ಎಂದು ಕೆಲವರು ನಗುತ್ತ ಕೇಳುವುದುಂಟು. ನಗೆಯೊಳಗೆ ಅಪಾಯವಿದೆ. 'ಸ್ಯಾತ್' ಎಂಬುದು ಸಂಶಯದ ಪದವಲ್ಲ. ಒಂದು ನಿರ್ದಿಷ್ಟ ಅಪೇಕ್ಷೆಯಿಂದ ಇದು ಹೀಗೆಯೇ ಇದೆ ಎಂಬ ನಿಶ್ಚಯದ ಪದ. ಅಪೇಕ್ಷೆಯನ್ನು ಹೇಳದೆ 'ಇರಬಹುದು' ಎನ್ನುವವನು ಸ್ಯಾದ್ವಾದಿಯಲ್ಲ. ಸಂಶಯವಾದಿ, ಇಲ್ಲವೇ ಜವಾಬ್ದಾರಿ ತಪ್ಪಿಸಿಕೊಳ್ಳುವವನು. 'ಮಾರುಕಟ್ಟೆ ಏರಬಹುದು' ಎಂಬ ವಾಕ್ಯ ಯಾವ ದಿನವೂ ಸುಳ್ಳಾಗದು. ಆದುದರಿಂದಲೇ ಅದರಲ್ಲಿ ಸತ್ಯವೂ ಇಲ್ಲ. 'ಹತ್ತು ವರ್ಷ ಬೇಕಾಗದ ಹಣಕ್ಕೆ ಸಂಬಂಧಿಸಿದಂತೆ ಈ ತಿಂಗಳ ಇಳಿಕೆ ಗಂಭೀರವಲ್ಲ. ಮುಂದಿನ ವರ್ಷ ಮಗಳ ಮದುವೆಗೆ ಬೇಕಾದ ಹಣಕ್ಕೆ ಸಂಬಂಧಿಸಿದಂತೆ ಗಂಭೀರವೇ' ಎಂಬುದು ಸ್ಯಾದ್ವಾದದ ವಾಕ್ಯ. ಎರಡೂ ಮಾತು ನಿಶ್ಚಿತ. ಎರಡಕ್ಕೂ ಅಪೇಕ್ಷೆ ಬೇರೆ. ಸೆಬಿಯ ನಿಯಮ ಗ್ರಾಹಕನಿಗೆ ಹೊಂದುವ ಸಲಹೆ ಎಂದು ಕೇಳುವುದೂ ಕೊನೆಗೆ ಇದನ್ನೇ.

2024ರ ಜೂನ್ ಮೊದಲ ವಾರ ಈ ಬಗೆಯ ಬರಹಕ್ಕೆ ಒಡ್ಡಿದ ಪರೀಕ್ಷೆಯನ್ನು ನೋಡಿ. ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. 3ರಂದು ಸೆನ್ಸೆಕ್ಸ್ 2,507 ಅಂಶ ಏರಿತು. 4ರಂದು ಮತ ಎಣಿಕೆಯಾಗುತ್ತಿದ್ದಂತೆ 4,390 ಅಂಶ ಇಳಿದು 72,079ಕ್ಕೆ ಬಂದಿತು. 5ರಂದು ಮತ್ತೆ 2,303 ಅಂಶ ಏರಿತು. 3ರ ರಾತ್ರಿ 'ಸ್ಥಿರ ಸರ್ಕಾರದ ನಿರೀಕ್ಷೆಯಿಂದ ಏರಿಕೆ ಮುಂದುವರಿಯಲಿದೆ' ಎಂದು ಬರೆದವನು ಮರುದಿನ ತಪ್ಪಿದನೆಂಬುದು ನಮ್ಮ ಆಕ್ಷೇಪವಲ್ಲ. ಭವಿಷ್ಯ ತಿಳಿಯದಿರುವುದು ಪಾಪವಲ್ಲ. ಕೇವಲಜ್ಞಾನಿಗಳಲ್ಲದ ನಾವೆಲ್ಲರೂ ಅಲ್ಲಿ ಸಮಾನರು. ಊಹೆಯ ಮೇಲೆ ನಿಂತ ಊಹೆಯನ್ನು, ಅಂದರೆ ಸಮೀಕ್ಷೆ ನಿಜವಾದರೆ ಎಂಬ ಷರತ್ತನ್ನು, ಬಿಟ್ಟು ಫಲಿತಾಂಶವನ್ನು ಮಾತ್ರ ಬರೆದನೆಂಬುದೇ ಆಕ್ಷೇಪ. ಅಲ್ಲಿ ತಪ್ಪಿದ್ದು ಜ್ಞಾನವಲ್ಲ, ಅಪ್ರಮಾದ. ಅಸತ್ಯದ ಮೂಲ ಪ್ರಮಾದವೆಂದು ಸೂತ್ರಕಾರರು ಏಕೆ ಹೇಳಿದರೆಂಬುದು ಇಂಥ ವಾರಗಳಲ್ಲಿ ಅರ್ಥವಾಗುತ್ತದೆ.

ಈ ವಿಮರ್ಶೆಗೆ ನ್ಯಾಯವಾದ ಪ್ರತಿವಾದವೊಂದಿದೆ. ಇಷ್ಟೊಂದು ಎಚ್ಚರಿಕೆಯಿಂದ ಬರೆದರೆ ಪತ್ರ ನಿಸ್ಸಾರವಾಗುತ್ತದೆ, ಗ್ರಾಹಕನು ಹಣ ಕೊಡುವುದು ದಿಕ್ಕು ತೋರಿಸಲೆಂದೇ ಹೊರತು ದರ್ಶನಶಾಸ್ತ್ರಕ್ಕಲ್ಲ ಎಂದು ಸಲಹೆಗಾರರು ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ. ಮಾರುಕಟ್ಟೆ ಕುಸಿದ ವಾರ ಬಾಯಿ ಮುಚ್ಚಿಕೊಂಡು, ಏರಿದ ವಾರ ಮಾತ್ರ ಉದ್ದನೆಯ ಪತ್ರ ಬರೆಯುವ ಮೌನವೂ ಸತ್ಯವಲ್ಲ. ಆದರೆ ಸ್ಪಷ್ಟತೆಗೂ ಸತ್ಯಕ್ಕೂ ವಿರೋಧವಿಲ್ಲ. ಸೂಚ್ಯಂಕ ಇಷ್ಟು ಶೇಕಡಾ ಇಳಿಯಿತು. ಕಾರಣವೆಂದು ಎರಡು ಸಂಗತಿಗಳನ್ನು ಹೇಳುತ್ತಾರೆ, ಯಾವುದು ಪ್ರಬಲವೆಂದು ನಿರ್ಣಯಿಸುವ ಆಧಾರ ನಮ್ಮಲ್ಲಿಲ್ಲ. ಮೂರು ವರ್ಷದೊಳಗೆ ಬೇಕಾದ ಹಣ ಷೇರಿನಲ್ಲಿದ್ದರೆ ನಮ್ಮನ್ನು ಕಾಣಿ. ಈ ಪತ್ರದಲ್ಲಿ ಚರ್ಚಿಸಿದ ವಲಯದಲ್ಲಿ ನಮ್ಮ ಸ್ವಂತ ಹಣವೂ ಇದೆ ಎಂದು ನಾಲ್ಕೇ ವಾಕ್ಯ ಬರೆದರೆ, ಓದುಗನಿಗೆ ದಿಕ್ಕೂ ದೊರೆಯಿತು, ಬರೆದವನ ವ್ರತವೂ ಉಳಿಯಿತು. ಹೀಗೆ ಬರೆದ ಪತ್ರಗಳೂ ಇವೆ. ಅವು ಗ್ರಾಹಕರನ್ನು ನಿಧಾನವಾಗಿ ಗಳಿಸುತ್ತವೆ, ಬೇಗ ಕಳೆದುಕೊಳ್ಳುವುದಿಲ್ಲ.

ಬಸದಿಗಳ ಟ್ರಸ್ಟಿಗಳು ಈ ವಿಷಯವನ್ನು ಪ್ರತ್ಯೇಕವಾಗಿ ಯೋಚಿಸಬೇಕು. ಸಾಮಾನ್ಯ ಗ್ರಾಹಕನಿಗೆಂದು ಬರೆದ ಪತ್ರವನ್ನು ಓದಿ ಟ್ರಸ್ಟಿನ ಹಣದ ಬಗ್ಗೆ ನಿರ್ಧರಿಸುವುದು ಕಾನೂನಿಗೂ ಧರ್ಮಕ್ಕೂ ಹೊಂದದು. ಧರ್ಮಾರ್ಥ ಸಂಸ್ಥೆಗಳು ಎಲ್ಲೆಲ್ಲಿ ಹಣ ತೊಡಗಿಸಬಹುದೆಂಬ ಪಟ್ಟಿಯನ್ನು 1961ರ ಆದಾಯ ತೆರಿಗೆ ಕಾಯ್ದೆಯೇ ಕೊಟ್ಟಿತ್ತು. 2025ರ ಹೊಸ ಕಾಯ್ದೆಯೂ ಅಂಥ ಪಟ್ಟಿಯನ್ನು ಉಳಿಸಿಕೊಂಡಿದೆ. ಪಟ್ಟಿಯ ಹೊರಗೆ ಹೋಗಿ ಖಾಸಗಿ ಕಂಪನಿಗಳ ಷೇರು ಕೊಂಡರೆ ತೆರಿಗೆ ವಿನಾಯಿತಿಗೇ ಕುತ್ತು. ಇದಕ್ಕೂ ಮಿಗಿಲಾಗಿ ಅದು ದೇವದ್ರವ್ಯ. ಅದರ ಒಡೆಯರು ಸಭೆಗೆ ಬಂದು ಪ್ರಶ್ನೆ ಕೇಳುವವರಲ್ಲ. ಕಾಣಿಕೆ ಹಾಕಿ ಕೈಮುಗಿದು ಹೋದವರು.

ಧರ್ಮದ ನಂಬಿಕೆ ಹಣದ ನಂಬಿಕೆಯಾಗಿ ಪರಿವರ್ತಿತವಾದಾಗ ಏನಾಗಬಲ್ಲದೆಂಬುದನ್ನು ನಮ್ಮ ನಗರ ಕಂಡಿದೆ. ನಮ್ಮಿಂದ ಕೆಲವೇ ಮೈಲಿ ದೂರದ ಶಿವಾಜಿನಗರದಲ್ಲಿದ್ದ ಐಎಂಎ ಸಂಸ್ಥೆಯ ಪೂರ್ಣ ಹೆಸರಿನಲ್ಲಿಯೇ 'ಸಲಹೆ' ಎಂಬ ಅರ್ಥದ ಪದವಿತ್ತು. 2006ರಲ್ಲಿ ಆರಂಭವಾದ ಅದು 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ, ತಮ್ಮ ಧರ್ಮಕ್ಕೆ ಒಪ್ಪುವ ಗಳಿಕೆಯೆಂದು ನಂಬಿ ಹಣವಿಟ್ಟ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಮರುವರ್ಷದ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಒಂದು ಒಂದು ಸಮಾಜದ್ದು, ಇನ್ನೊಂದು ಇನ್ನೊಂದು ಸಮಾಜದ್ದು ಎಂದು ಬೆರಳು ತೋರಿಸುವುದು ಅವಿವೇಕ. 'ನಮ್ಮವರು' ಎಂಬ ಒಂದೇ ಕಾರಣದಿಂದ ಲೆಕ್ಕ ಕೇಳದ ದೌರ್ಬಲ್ಯ ಯಾವ ಸಮಾಜಕ್ಕೂ ಹೊರತಲ್ಲ, ನಮಗೂ ಅಲ್ಲ.

ಆದರ್ಶವನ್ನು ದೂರದಿಂದ ತರಬೇಕಾಗಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ, ದತ್ತಿಯಾಗಿ ಇಟ್ಟ ಹೊನ್ನಿನ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ಹಾಲು ಸಲ್ಲಬೇಕೆಂದು ವಿಧಿಸಿದವು ಉಂಟು. ಕೊಟ್ಟವರು ಯಾರು, ಹೊನ್ನೆಷ್ಟು, ಅದರಿಂದ ಸಲ್ಲಬೇಕಾದ ಹಾಲೆಷ್ಟು ಎಂದು ಅವು ಹೇಳುತ್ತವೆ. ಅಲ್ಲಿ ವಿಶೇಷಣಗಳು ದಾನಿಯ ಪ್ರಶಂಸೆಗೆ ಮೀಸಲು, ಲೆಕ್ಕಕ್ಕೆ ವಿಶೇಷಣವಿಲ್ಲ. ಹಣದ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಉತ್ತಮ ಶೈಲಿಪಾಠ ಬೇಕಿಲ್ಲ. ಕಲ್ಲಿನ ಮೇಲೆ ಕೆತ್ತಲು ಅಂಜಬೇಕಾದ ವಾಕ್ಯವನ್ನು ಕಾಗದದ ಮೇಲೆಯೂ ಬರೆಯಬಾರದು.

ಆದುದರಿಂದ ಧರ್ಮಬಂಧುಗಳಲ್ಲಿ ಎರಡು ವಿನಂತಿಗಳು. ಇಂಥ ಪತ್ರಗಳನ್ನು ಪಡೆಯುವ ಕುಟುಂಬಗಳು ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಹಾಕಲಿ: ಇದು ಯಾವ ಅಪೇಕ್ಷೆಯಿಂದ ಸತ್ಯ? ಇದರ ಅಳತೆ ಯಾವುದು? ನಾನು ಇದನ್ನು ನಂಬಿದರೆ ಬರೆದವನಿಗೆ ಬರುವ ಲಾಭವೇನು? ಉತ್ತರ ಪತ್ರದಲ್ಲಿಲ್ಲದಿದ್ದರೆ ಸಲಹೆಗಾರನನ್ನೇ ಬರವಣಿಗೆಯಲ್ಲಿ ಕೇಳಲಿ. ನೋಂದಾಯಿತ ಸಲಹೆಗಾರನು ತಾನು ಕೊಟ್ಟ ಸಲಹೆಯ ದಾಖಲೆಗಳನ್ನು 5 ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ ಆ ಪ್ರಶ್ನೆ ವ್ಯರ್ಥವಾಗದು. ಟ್ರಸ್ಟಿಗಳಾದರೋ, ಮುಂದಿನ ಸಭೆಯಲ್ಲಿಯೇ, ಟ್ರಸ್ಟಿನ ಹಣವನ್ನು ಯಾರ ಲಿಖಿತ ಸಲಹೆಯ ಮೇಲೆ, ಯಾವ ಕಾರಣಕ್ಕೆ, ಎಲ್ಲಿ ಇಟ್ಟಿದ್ದೇವೆಂದು ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಸಿ, ಬಸದಿಗೆ ಬರುವ ಯಾವ ಶ್ರಾವಕನೂ ಓದುವಂತೆ ಇಡಲಿ.